ಆ ನಾಲ್ಕು ಟ್ಯಾಪೆಟ್ ಸಡಿಲಿಸಿದ್ದು ನಾನೇ

ಮೊದಲು ನಗುವುದನ್ನು ನಿಲ್ಲಿಸಿ, ಆಮೇಲೆ ಕೇಳಿ. ನನ್ನ ನೆನಪು ಕೈಕೊಟ್ಟಿದೆ ಎಂದು ನಮ್ಮ ನೆಂಟರ ಗ್ರೂಪಿನಲ್ಲಿ ಬರೆದದ್ದು ಯಾರು ಅಂತ ನನಗೆ ಗೊತ್ತು. ತಮ್ಮನ ಮಗ. ಬೈಕಿನ ಕೀಲಿ ಎಲ್ಲಿಟ್ಟೆ ಅನ್ನುವುದು ಅವನಿಗೆ ದಿನಕ್ಕೆ ಎರಡು ಸಲ ಮರೆಯುತ್ತದೆ, ಅವನು ನನ್ನ ನೆನಪಿನ ಮೇಲೆ ಭಾಷಣ ಬರೆಯುತ್ತಾನೆ. ‘ದೊಡ್ಡಪ್ಪನಿಗೆ ವಯಸ್ಸಾಯ್ತು, ಎಲ್ಲಾ ಕಲಸಿ ಹೇಳ್ತಾರೆ. ತಪ್ಪು ಮಾಡಿದ್ದು ಅತ್ತಿಗೆ, ಸರಿ ಮಾಡಿದ್ದು ದೊಡ್ಡಪ್ಪ. ಈಗ ಸೊಸೆ ಮೇಲಿನ ಪ್ರೀತಿಗೆ ಉಲ್ಟಾ ಹೇಳ್ತಿದ್ದಾರೆ.’ ಅದರ ಕೆಳಗೆ ಏಳು ಜನ ಹಲ್ಲು ಕಿರಿಯುವ ಮುಖ ಅಂಟಿಸಿದ್ದೀರಿ. ಆ ಏಳರಲ್ಲಿ ಮೂರು ಜನರ ಗಾಡಿ ಇವತ್ತಿಗೂ ನನ್ನ ಕೈಯಿಂದಲೇ ಓಡುತ್ತಿದೆ, ಅದನ್ನು ಮರೆಯಬೇಡಿ.

ಪ್ರೀತಿಯಂತೆ. ನನಗೆ ಹನ್ನೊಂದು ವರ್ಷದ ಹಿಂದಿನ ಆ ವಾರದ ಒಂದೊಂದು ದಿನವೂ ನೆನಪಿದೆ. ಬುಧವಾರ ಬೆಳಿಗ್ಗೆ ನಾನು ಯಾವ ಅಂಗಿ ಹಾಕಿದ್ದೆ ಅನ್ನುವುದೂ ನೆನಪಿದೆ. ಕಂದು ಬಣ್ಣದ್ದು, ಜೇಬು ಹರಿದದ್ದು. ಸಾಕೇ? ಈಗ ಕೂತುಕೊಳ್ಳಿ. ಒಂದೇ ಸಲಕ್ಕೆ ಹೇಳಿ ಮುಗಿಯುವುದಿಲ್ಲ, ಐದಾರು ವಾಯ್ಸ್ ನೋಟ್ ಆಗುತ್ತದೆ. ಒಂದನೆಯದು ಬಿಟ್ಟು ಮೂರನೆಯದನ್ನು ಕೇಳಿ ಆಮೇಲೆ ಪ್ರಶ್ನೆ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ನಮ್ಮ ವರ್ಕ್‌ಶಾಪು ನಿಮಗೆಲ್ಲ ಗೊತ್ತು. ಮೇಲೆ ಮನೆ, ಕೆಳಗೆ ಕೆಲಸ. ಎರಡು ಕಾರು ಆರಾಮಾಗಿ ನಿಲ್ಲುತ್ತವೆ, ಮೂರನೆಯದು ಬಂದರೆ ನಾವು ಹೊಟ್ಟೆ ಒಳಕ್ಕೆ ಎಳೆದುಕೊಂಡು ಓಡಾಡಬೇಕು. ಬಾಗಿಲ ಬಳಿ ಕೌಂಟರು, ಕೌಂಟರಿನ ಮೇಲೆ ಫೋನು. ಹಿಂದಿನ ಗೋಡೆಗೆ ಎಂಜಿನ್ ಬೆಂಚು. ದಪ್ಪ ಹಲಗೆ, ಒಂದು ವೈಸು, ಮೇಲೆ ಟ್ಯೂಬ್‌ಲೈಟು, ಕಿಟಕಿಯಾಚೆ ಪಕ್ಕದ ಮನೆಯವರು ಒಣಗಿಸಿದ ಬಟ್ಟೆ. ಮೂವತ್ತು ವರ್ಷ ಆ ಬೆಂಚಿನ ಮುಂದೆ ನಾನೊಬ್ಬನೇ ನಿಂತಿದ್ದೆ. ಮಗ ಗೇರ್‌ಬಾಕ್ಸು ನೋಡಿಕೊಳ್ಳುತ್ತಿದ್ದ. ಗೇರ್‌ಬಾಕ್ಸು ಕಾರಿನ ಅಡಿಯಲ್ಲಿರುತ್ತದೆ, ಅಡಿಯಲ್ಲಿ ಮಲಗಿದವನನ್ನು ಅಪ್ಪನೂ ಹೆಂಡತಿಯೂ ಸಾಕ್ಷಿಗೆ ಕರೆಯುವುದಿಲ್ಲ. ಅವನು ಬುದ್ಧಿವಂತ.

ಸೊಸೆ ನಮ್ಮ ಮನೆಗೆ ಬರುವ ಮೊದಲು ಒಂದು ಮೆಷೀನ್ ಶಾಪಿನಲ್ಲಿ, ಕೂದಲಿನ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಹಿಡಿದು, ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಗ್ರೈಂಡ್ ಮಾಡುತ್ತಿದ್ದಳು. ನಾನು ‘ಕೂದಲಷ್ಟು ಜಾಸ್ತಿ ಇದೆ’ ಅಂದರೆ ಅವಳು ‘ಯಾರ ಕೂದಲು ಮಾವ?’ ಅನ್ನುತ್ತಿದ್ದಳು. ಇಂಥವಳನ್ನು ನಾನು ಮೂರು ವರ್ಷ ಕೌಂಟರಿನಲ್ಲಿ ಕೂರಿಸಿದ್ದೆ. ಕಾರಣ ಕೇಳಿದರೆ ಅಕ್ಷರ ಚೆನ್ನಾಗಿದೆ ಅಂತ ಹೇಳುತ್ತಿದ್ದೆ. ಅಕ್ಷರ ಚೆನ್ನಾಗಿಯೇ ಇತ್ತು.

ಆ ವರ್ಷ ಹಲ್ಲು ಡಾಕ್ಟರು ತಮ್ಮ ಕಾರು ತಂದರು. ಹಲ್ಲು ಡಾಕ್ಟರಿಗೆ ವಾರವಿಡೀ ಬೇರೆಯವರ ಬಾಯಿ ನೋಡಿ ಬೇಜಾರಾಗಿ, ರಜೆಯಲ್ಲಿ ಬೆಟ್ಟ ಹತ್ತುವ ರೇಸಿಗೆ ಹೋಗುತ್ತಿದ್ದರು. ರಸ್ತೆ ಬಂದ್ ಮಾಡಿ, ಒಂದೊಂದೇ ಕಾರನ್ನು ಮೇಲಕ್ಕೆ ಬಿಟ್ಟು ಗಡಿಯಾರ ಹಿಡಿಯುತ್ತಾರಲ್ಲ, ಆ ರೇಸು. ಎಂಟು ಸಿಲಿಂಡರಿನ ಹಳೇ ಕಾರು. ಜೊತೆಗೆ ಒಂದು ರಟ್ಟಿನ ಕೊಳವೆಯಲ್ಲಿ ಹೊಸ ಕ್ಯಾಮ್‌ಶಾಫ್ಟ್. ಕಂಪನಿಯದ್ದಲ್ಲ, ರೇಸಿಗೆ ಅಂತಲೇ ಬೇರೆಯವರು ಕಡೆದು ಮಾಡಿದ್ದು.

ಅವತ್ತು ಸೊಸೆ ಕೌಂಟರಿನಿಂದ ಎದ್ದು ಬಂದು ಆ ಕ್ಯಾಮನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

“ಮಾವ, ಇದನ್ನ ನಾನು ಕಟ್ತೀನಿ.”

“ಫೋನ್ ಯಾರು ಎತ್ತೋದು?”

“ಫೋನ್ ಎತ್ತೋಕೆ ಮೈಕ್ರೋಮೀಟರ್ ಬೇಕಾಗಿಲ್ಲ ಮಾವ. ಯಾರಾದ್ರೂ ಎತ್ತಬಹುದು.”

ಹಲ್ಲು ಡಾಕ್ಟರು ನನ್ನ ಮುಖ ನೋಡಿದರು. ಮಗ ಕಾರಿನ ಅಡಿಗೆ ಇನ್ನಷ್ಟು ಸರಿದ. ನಾನು ಎಲ್ಲರ ಮುಂದೆ ಹೇಳಿದೆ. “ಸರಿಯಮ್ಮ. ಈ ಎಂಜಿನ್ ನಿಂದು. ಸ್ಟಾರ್ಟ್ ಮಾಡಿದಾಗ ಹೊಲಿಗೆ ಮಷೀನ್ ತರ ಸಮನಾಗಿ ಟಿಕ್ ಟಿಕ್ ಅಂದ್ರೆ ಇವತ್ತಿಂದ ಬೆಂಚು ನಿಂದೇ. ಬಡಿದ್ರೆ ವಾಪಸ್ ಕೌಂಟರ್‌ಗೆ. ಆಮೇಲೆ ಈ ಮಾತು ಎತ್ತಬಾರದು.”

“ನೀವೂ ಎತ್ತಬಾರದು ಮಾವ,” ಅಂದಳು. ಅಂದು, ಏಪ್ರನ್ ಕಟ್ಟಿಕೊಂಡಳು.

ಈಗ ಟ್ಯಾಪೆಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗೊತ್ತಿದ್ದವರು ಸುಮ್ಮನೆ ಕೂತಿರಿ. ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ಎರಡು ಬಾಗಿಲು. ಗಾಳಿ ಒಳಗೆ ಬರಲು ಇನ್‌ಲೆಟ್ ವಾಲ್ವು, ಹೊಗೆ ಹೊರಗೆ ಹೋಗಲು ಎಕ್ಸಾಸ್ಟ್ ವಾಲ್ವು. ಎಂಟು ಸಿಲಿಂಡರಿಗೆ ಹದಿನಾರು ಬಾಗಿಲು. ಇವನ್ನು ತೆರೆಯುವುದು ಕ್ಯಾಮ್‌ಶಾಫ್ಟು. ಅದು ಒಂದು ಕಬ್ಬಿಣದ ಕೋಲು, ಅದರ ಉದ್ದಕ್ಕೂ ಮೊಟ್ಟೆಯಾಕಾರದ ಉಬ್ಬುಗಳು. ಮೊಟ್ಟೆಯ ಮೂತಿ ಬಂದಾಗ ಬಾಗಿಲು ತೆರೆಯುತ್ತದೆ, ಮೊಟ್ಟೆಯ ಬೆನ್ನು ಬಂದಾಗ ಮುಚ್ಚಿರುತ್ತದೆ. ಬೆನ್ನು ಬಂದಾಗ ವಾಲ್ವಿಗೂ ಅದನ್ನು ತಳ್ಳುವ ತೋಳಿಗೂ ನಡುವೆ ಸ್ವಲ್ಪ ಸಂದು ಬಿಡಬೇಕು, ಆ ಸಂದು ಹೊಂದಿಸುವ ಸ್ಕ್ರೂವನ್ನೇ ನಾವು ಟ್ಯಾಪೆಟ್ ಅನ್ನುವುದು. ಸಂದು ಕಡಿಮೆಯಾದರೆ ಬಾಗಿಲು ಪೂರ್ತಿ ಮುಚ್ಚದೆ ಸುಡುತ್ತದೆ, ಜಾಸ್ತಿಯಾದರೆ ಬಡಿಯುತ್ತದೆ. ಆ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯುತ್ತೇವೆ. ಬೇರೆ ಬೇರೆ ದಪ್ಪದ ತೆಳ್ಳನೆ ಉಕ್ಕಿನ ಪಟ್ಟಿಗಳ ಗೊಂಚಲು ಅದು. ಪಟ್ಟಿ ತೂರಿಸಿ, ಸ್ಕ್ರೂ ತಿರುಗಿಸಿ, ಪಟ್ಟಿ ಬೆಣ್ಣೆಯಲ್ಲಿ ಎಳೆದಂತೆ ಬರಬೇಕು, ಆಗ ನಟ್ಟು ಬಿಗಿಯುವುದು. ಇಷ್ಟೇ. ಇಷ್ಟಕ್ಕೇ ನಾನು ಮೂವತ್ತು ವರ್ಷ ಬದುಕಿದೆ.

ಹದಿನಾರು ವಾಲ್ವಿಗೆ ಹದಿನಾರು ಸಲ ಎಂಜಿನ್ ತಿರುಗಿಸಿ ಮೊಟ್ಟೆಯ ಬೆನ್ನು ಹುಡುಕುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ. ಅದಕ್ಕೇ ನಮ್ಮ ಹತ್ತಿರ ಒಂದು ಮಗ್ಗಿ ಇತ್ತು. ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿದರೆ ಎಂಟು ವಾಲ್ವು ಒಟ್ಟಿಗೆ ಮುಚ್ಚಿರುತ್ತವೆ. ಇನ್‌ಲೆಟ್ ಒಂದು ಎರಡು ಐದು ಏಳು, ಎಕ್ಸಾಸ್ಟ್ ಒಂದು ಮೂರು ನಾಲ್ಕು ಎಂಟು. ಪೂರ್ತಿ ಒಂದು ಸುತ್ತು ತಿರುಗಿಸಿದರೆ ಉಳಿದ ಎಂಟು. ಇನ್‌ಲೆಟ್ ಮೂರು ನಾಲ್ಕು ಆರು ಎಂಟು, ಎಕ್ಸಾಸ್ಟ್ ಎರಡು ಐದು ಆರು ಏಳು. ಇಪ್ಪತ್ತು ನಿಮಿಷದ ಕೆಲಸ. ಇದನ್ನು ನಾನು ಸ್ನಾನದ ಮನೆಯಲ್ಲಿ ರಾಗವಾಗಿ ಹೇಳುತ್ತಿದ್ದೆ. ಮಗನನ್ನು ಇದೇ ಹೇಳಿ ಮಲಗಿಸಿದ್ದು. ನನ್ನ ಹೆಂಡತಿಗೆ ಎಂಜಿನ್ನಿನಲ್ಲಿ ಹಿಂದು ಮುಂದು ತಿಳಿಯದು, ಆದರೆ ಈ ಮಗ್ಗಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾಳೆ. ಒಂದು ವಾಲ್ವೂ ತಪ್ಪುವುದಿಲ್ಲ. ನನ್ನ ನೆನಪಿನ ಬಗ್ಗೆ ಬರೆದವನು ಈಗ ಬರೆಯಲಿ ನೋಡೋಣ.

ಸೊಸೆ ಎಂಜಿನ್ ಕಟ್ಟಿದಳು. ಹತ್ತು ದಿನ. ಹೊಸ ಕ್ಯಾಮು ವಾಲ್ವನ್ನು ಹೆಚ್ಚು ಆಳಕ್ಕೆ ತಳ್ಳುತ್ತದೆ, ಅದು ಪಿಸ್ಟನ್ನಿಗೆ ತಾಗಿದರೆ ಕಥೆ ಮುಗಿಯಿತು. ಅದನ್ನು ನೋಡಲು ಮಕ್ಕಳು ಆಡುವ ಬಣ್ಣದ ಕ್ಲೇ ತಂದು ಪಿಸ್ಟನ್ನಿನ ಮೇಲೆ ಮೆತ್ತಿ, ಎಂಜಿನ್ ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಅಚ್ಚು ಬಿದ್ದ ಕ್ಲೇಯನ್ನು ಬ್ಲೇಡಿನಲ್ಲಿ ಕೊಯ್ದು ದಪ್ಪ ಅಳೆದಳು. ಹಲ್ಲು ಡಾಕ್ಟರು ಬಗ್ಗಿ ನೋಡಿ, “ಅಯ್ಯೋ, ನಾವು ಹಲ್ಲಿನ ಅಳತೆ ತೆಗೆಯೋದೂ ಹೀಗೇ ಕಣಮ್ಮ!” ಅಂತ ಖುಷಿಪಟ್ಟರು. ನನ್ನ ಕೆಲಸ ನೋಡಿ ಅವರು ಯಾವತ್ತೂ ಹಾಗೆ ಖುಷಿಪಟ್ಟವರಲ್ಲ. ಅದು ನನಗೆ ಚುಚ್ಚಿತು. ಸುಳ್ಳು ಯಾಕೆ ಹೇಳಲಿ.

ಎಂಜಿನ್ ಕಾರಿನೊಳಗೆ ಕೂತಿತು. ಮಂಗಳವಾರ ಟ್ಯಾಪೆಟ್. ಕ್ಯಾಮಿನ ಜೊತೆ ಬಂದ ಚೀಟಿಯಲ್ಲಿ ಇನ್‌ಲೆಟ್‌ಗೆ ಇಪ್ಪತ್ತು, ಎಕ್ಸಾಸ್ಟ್‌ಗೆ ಇಪ್ಪತ್ತೆರಡು ಅಂತ ಇತ್ತು. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಇಪ್ಪತ್ತು ಭಾಗ. ಗೇಜಿನ ಪಟ್ಟಿಯ ಮೇಲೆ ಅದೇ ನಂಬರು ಇರುತ್ತದೆ. ಅವಳು ನನ್ನ ಮಗ್ಗಿ ಮುಟ್ಟಲಿಲ್ಲ. ಒಂದೊಂದು ಸಿಲಿಂಡರಿಗೂ ಬೇರೆ ಬೇರೆಯಾಗಿ ಎಂಜಿನ್ ತಿರುಗಿಸಿ, ಎಕ್ಸಾಸ್ಟ್ ಈಗ ತಾನೇ ತೆರೆಯಲು ಶುರುವಾಯಿತು ಅನ್ನುವಾಗ ಇನ್‌ಲೆಟ್ ಅಳೆದು, ಇನ್‌ಲೆಟ್ ಇಳಿದು ಇನ್ನೇನು ಮುಚ್ಚುತ್ತದೆ ಅನ್ನುವಾಗ ಎಕ್ಸಾಸ್ಟ್ ಅಳೆದಳು. ಮಧ್ಯಾಹ್ನ ಪೂರ್ತಿ ಹೋಯಿತು. ಮಧ್ಯೆ ಎರಡು ಸಲ ಫೋನು ಬಂತು. ಎರಡು ಸಲವೂ ಕೈ ಒರೆಸಿಕೊಂಡು ಅವಳೇ ಎದ್ದು ಹೋದಳು. ನಾನು ಅಲ್ಲೇ ಕೂತಿದ್ದೆ. ಎತ್ತಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ವಾಲ್ವ್ ಕವರಿನ ಪ್ಯಾಕಿಂಗ್ ತರಲು ಅಂಗಡಿಗೆ ಹೋದಳು. ಮಗ ಯಾರದೋ ಕೆಟ್ಟ ಗಾಡಿ ಎಳೆದು ತರಲು ಹೋಗಿದ್ದ. ಎಂಜಿನ್ ಮೇಲಿನ ಕವರು ತೆರೆದೇ ಇತ್ತು. ನಾನು ಕಂದು ಅಂಗಿ ಹಾಕಿಕೊಂಡು ಕಾರಿನ ಮುಂದೆ ನಿಂತಿದ್ದೆ.

ನೋಡಿ, ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಇಷ್ಟು ಕೆಟ್ಟದಾಗುತ್ತಿರಲಿಲ್ಲ. ಒಂದು ಸಲ ಪರೀಕ್ಷೆ ಮಾಡೋಣ, ಹುಡುಗಿ ಎಲ್ಲಾದರೂ ಎಡವಿದ್ದರೆ ಸರಿಪಡಿಸೋಣ, ಹೇಳುವುದೂ ಬೇಡ ಅಂದುಕೊಂಡೆ. ಒಂದನೇ ಸಿಲಿಂಡರ್ ಮೇಲೆ ತಂದೆ. ಮಗ್ಗಿ ಶುರು ಮಾಡಿದೆ. ಇನ್‌ಲೆಟ್ ಒಂದು, ಸರಿ. ಎರಡು, ಸರಿ. ಐದು, ಬಿಗಿ! ಇಪ್ಪತ್ತರ ಪಟ್ಟಿ ಒಳಗೇ ಹೋಗಲಿಲ್ಲ, ಹನ್ನೆರಡರದು ಹೋಯಿತು. ಎಕ್ಸಾಸ್ಟ್ ಮೂರು, ಅದೂ ಬಿಗಿ. ಸುತ್ತು ತಿರುಗಿಸಿದೆ. ಇನ್‌ಲೆಟ್ ಎಂಟು ಬಿಗಿ, ಎಕ್ಸಾಸ್ಟ್ ಎರಡು ಬಿಗಿ. ಉಳಿದ ಹನ್ನೆರಡೂ ಚೀಟಿಯಲ್ಲಿ ಬರೆದ ಹಾಗೇ ಇದ್ದವು.

ನನಗೆ ಅವಳ ಮೇಲೆ ಅನುಕಂಪ ಬಂತು. ಎರಡು ಸಲ ಫೋನಿಗೆ ಎದ್ದಳಲ್ಲ, ಪಾಪ, ಅಲ್ಲೇ ಲೆಕ್ಕ ತಪ್ಪಿದೆ ಅಂದುಕೊಂಡೆ. ನಾಲ್ಕು ನಟ್ಟು ಸಡಿಲಿಸಿ, ನಾಲ್ಕು ಸ್ಕ್ರೂ ತಿರುಗಿಸಿ, ನಾಲ್ಕನ್ನೂ ಚೀಟಿಯ ಅಳತೆಗೆ ತಂದು ಬಿಗಿದೆ. ಕೈ ತೊಳೆದೆ. ಅವಳು ಬಂದಾಗ ಪೇಪರು ಓದುತ್ತಿದ್ದೆ. ಅವಳ ಮಾನ ಉಳಿಸಿದೆ ಎಂಬ ಸಂತೋಷದಲ್ಲಿ ಅವತ್ತು ಊಟ ಕೂಡ ಜಾಸ್ತಿ ಮಾಡಿದೆ.

ಗುರುವಾರ ಹಲ್ಲು ಡಾಕ್ಟರು ಬಂದರು. ಪಕ್ಕದ ಟೈಲರೂ ಬಂದು ನಿಂತ. ಹೆಂಡತಿ ಮೇಲಿನ ಮೆಟ್ಟಿಲಲ್ಲಿ. ಸೊಸೆ ಕೀಲಿ ತಿರುಗಿಸಿದಳು. ಎಂಜಿನ್ ಒಂದೇ ಏಟಿಗೆ ಹಿಡಿಯಿತು. ಹಿಡಿದು, ಬಡಿಯತೊಡಗಿತು. ಡಬ್ಬದಲ್ಲಿ ನಾಲ್ಕು ಚಮಚ ಹಾಕಿ ಕುಲುಕಿದ ಹಾಗೆ.

ಹಲ್ಲು ಡಾಕ್ಟರು ಕಿವಿಯ ಹತ್ತಿರ ಕೈ ತಂದು, “ಇದು... ಹೀಗೇ ಇರತ್ತಾ?” ಅಂದರು.

ಸೊಸೆ ಎಂಜಿನ್ ಆಫ್ ಮಾಡಲಿಲ್ಲ. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಒಂದೊಂದೇ ಜಾಗ ಕೇಳುತ್ತಾ ಹೋದಳು. “ಐದು ಇನ್‌ಲೆಟ್,” ಅಂದಳು. “ಮೂರು ಎಕ್ಸಾಸ್ಟ್. ಎಂಟು ಇನ್‌ಲೆಟ್. ಎರಡು ಎಕ್ಸಾಸ್ಟ್.” ಆಫ್ ಮಾಡಿದಳು. ತಣ್ಣಗಾಗುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಕವರು ಬಿಚ್ಚಿ ಅಳೆದಳು, ತನ್ನ ಕ್ರಮದಲ್ಲಿ. ಇಪ್ಪತ್ತು ಇರಬೇಕಾದಲ್ಲಿ ಇಪ್ಪತ್ತೆಂಟು. ಇಪ್ಪತ್ತೆರಡು ಇರಬೇಕಾದಲ್ಲಿ ಮೂವತ್ತು.

“ಫೋನಿಗೆ ಎದ್ದಾಗ ತಪ್ಪಿರಬೇಕು,” ಅಂತ ತನಗೆ ತಾನೇ ಹೇಳಿಕೊಂಡಳು. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. “ಮಾತು ಮಾತೇ ಮಾವ. ಮುಂದಿನದನ್ನ ನೀವು ನೋಡಿ.” ಹೋಗಿ ಕೌಂಟರಿನಲ್ಲಿ ಕೂತಳು.

ನಾನು ಆಗಲೇ ಬಾಯಿ ಬಿಡಬೇಕಿತ್ತು ಅಂತೀರಿ. ಯಾಕೆ ಬಿಡಲಿಲ್ಲ ಅಂದರೆ, ನನ್ನ ಲೆಕ್ಕದಲ್ಲಿ ನಾನು ಅವಳ ನಾಲ್ಕು ತಪ್ಪು ತಿದ್ದಿದ್ದೆ. ಅದನ್ನು ಹೇಳಿದರೆ ಅವಳ ಹೆಸರಿಗೆ ಇನ್ನೂ ನಾಲ್ಕು ತಪ್ಪು ಸೇರುತ್ತಿತ್ತು. ಸುಮ್ಮನಿದ್ದು ಮತ್ತೆ ಉಪಕಾರ ಮಾಡಿದೆ. ಆ ವಾರ ನನ್ನಷ್ಟು ಉಪಕಾರ ಮಾಡಿದವನು ಇನ್ನೊಬ್ಬನಿರಲಿಲ್ಲ.

ಶುಕ್ರವಾರ, ಬಡಿತ ಬೇರೆಲ್ಲಿಂದಲೋ, ಅವಳ ಅಳತೆಯೇ ತಪ್ಪು ಅಂತ ತೋರಿಸಲು ಕೂತೆ. ಒಂದನೇ ಸಿಲಿಂಡರ್ ಮೇಲೆ. ಮೂರರ ಎಕ್ಸಾಸ್ಟ್. ಇಪ್ಪತ್ತೆರಡರ ಪಟ್ಟಿ ತೂರಿಸಿದೆ, ಬೆಣ್ಣೆಯ ಹಾಗೆ ಹೋಯಿತು. ನೋಡು, ಸರಿಯಾಗಿಯೇ ಇದೆಯಲ್ಲ! ಮೂವತ್ತು ಎಲ್ಲಿಂದ ಬಂತು ಇವಳಿಗೆ? ಪಟ್ಟಿಯನ್ನು ಅಲ್ಲೇ ಬಿಟ್ಟು, ಮುಂದಿನ ಸುತ್ತಿಗೆ ಅಂತ ಎಂಜಿನ್ ತಿರುಗಿಸುವ ಉದ್ದನೆ ಹಿಡಿಯನ್ನು ಎಳೆದೆ. ಒಂದು ಗೇಣು ಎಳೆದಿರಬಹುದು. ಪಟ್ಟಿ ತಾನಾಗಿಯೇ ಜಾರಿ ಕೆಳಗೆ ಬಿತ್ತು.

ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಹಾಗೆ ಪಟ್ಟಿ ಬಿದ್ದಿರಲಿಲ್ಲ. ಎತ್ತಿಕೊಂಡು ಮತ್ತೆ ತೂರಿಸಿದೆ. ಗಡಗಡ ಅಂತ ಆಡುತ್ತಿತ್ತು. ಎಂಟರ ಪಟ್ಟಿ ಅದರ ಜೊತೆ ಸೇರಿಸಿ ತೂರಿಸಿದೆ. ಎರಡೂ ಒಟ್ಟಿಗೆ ಹೋದವು. ಇಪ್ಪತ್ತೆರಡು, ಎಂಟು, ಮೂವತ್ತು.

ಅಲ್ಲೇ ಟೈರಿನ ಮೇಲೆ ಕೂತೆ. ಹಳೇ ಕ್ಯಾಮಿನ ಮೊಟ್ಟೆ ಸಣ್ಣದು, ಬೆನ್ನು ಅಗಲ. ನನ್ನ ಮಗ್ಗಿಯ ಪ್ರಕಾರ ನಿಲ್ಲಿಸಿದರೆ ಎಂಟಕ್ಕೆ ಎಂಟೂ ಬೆನ್ನು ತೋರಿಸುತ್ತಿದ್ದವು. ರೇಸಿನ ಕ್ಯಾಮು ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡಬೇಕು, ಅದಕ್ಕೆ ಅದರ ಮೊಟ್ಟೆಗೆ ಹೆಗಲು ಬೆಳೆದಿರುತ್ತದೆ. ನಾನು ಬೆನ್ನು ಅಂದುಕೊಂಡು ಅಳೆದ ನಾಲ್ಕು ಜಾಗದಲ್ಲಿ ಇದ್ದದ್ದು ಹೆಗಲು. ಹೆಗಲು ವಾಲ್ವಿನ ತೋಳನ್ನು ಆಗಲೇ ಸ್ವಲ್ಪ ಎತ್ತಿರುತ್ತದೆ, ಸಂದು ಕಡಿಮೆ ಕಾಣುತ್ತದೆ. ಅವಳು ಒಂದೊಂದನ್ನೂ ಬೆನ್ನಿನ ನಟ್ಟನಡುವೆ ನಿಲ್ಲಿಸಿ ಇಟ್ಟ ಅಳತೆ ಸರಿಯಾಗಿಯೇ ಇತ್ತು. ನಾನು ಅದನ್ನು ಹಾಳು ಮಾಡಿದೆ.

ಆಗ ನಾನು ಮಾಡಿದ ಕೆಲಸ ಹೇಳುತ್ತೇನೆ, ಬೈಯಬೇಕಾದರೆ ಇದಕ್ಕೆ ಬೈಯಿರಿ. ಕೌಂಟರಿಗೆ ಹೋಗಿ ಹೇಳಲಿಲ್ಲ. ಅವಳ ಕ್ರಮದಲ್ಲೇ ಆ ನಾಲ್ಕನ್ನು ಸದ್ದಿಲ್ಲದೆ ಸರಿ ಮಾಡಿದೆ. ಎಂಜಿನ್ ತಾನೇ ಸರಿಹೋದರೆ ಅವಳ ತಪ್ಪೂ ತಾನೇ ಇಲ್ಲವಾಗುತ್ತದೆ ಅಂತ ಒಂದು ಲೆಕ್ಕ. ಕವರು ಮುಚ್ಚಿ ಸ್ಟಾರ್ಟ್ ಮಾಡಿದೆ. ಹೊಲಿಗೆ ಮಷೀನು.

ಮಗ ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ, “ಅಪ್ಪ ಸರಿ ಮಾಡಿಬಿಟ್ರು!” ಅಂತ ಕೂಗಿದ. ಅವನು ವರ್ಷಕ್ಕೊಂದು ಸಲ ಕೂಗುತ್ತಾನೆ, ಆ ವರ್ಷದ್ದು ಅದು. ಸೊಸೆ ಕೌಂಟರಿನಿಂದ ಎದ್ದು ಬಂದು, ಒಂದು ನಿಮಿಷ ಸದ್ದು ಕೇಳಿಸಿಕೊಂಡು, “ಚೆನ್ನಾಗಿದೆ ಮಾವ,” ಅಂದಳು. ವಾಪಸ್ ಹೋಗಿ ಫೋನ್ ಎತ್ತಿದಳು. ಹೇಳಬೇಕು ಅಂತ ಬಾಯಿ ತೆರೆದೆ. ಕೆಮ್ಮು ಬಂತು. ಕೆಮ್ಮಿದೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಅಂದಳು. “ಏನ್ರೀ, ಬೆಳಿಗ್ಗೆಯಿಂದ ಯಾರದ್ದೂ ತಪ್ಪು ಕಂಡುಹಿಡಿದಿಲ್ಲ. ಜ್ವರಾನಾ?”

ಭಾನುವಾರ ರೇಸು. ಹಲ್ಲು ಡಾಕ್ಟರು ತಮ್ಮ ವಿಭಾಗದಲ್ಲಿ ಮೂರನೆಯವರಾಗಿ ಬಂದರು. ಅದಕ್ಕೆ ಮೊದಲು ಒಂಬತ್ತು ವರ್ಷ ಅವರು ಕೊನೆಯಿಂದ ಮೂರನೆಯವರು. ಶಾಮಿಯಾನದ ಕೆಳಗೆ ಇನ್ನೂರು ಜನ. ಮೈಕು ಕೈಗೆ ಸಿಕ್ಕಿದ್ದೇ ತಡ, ಡಾಕ್ಟರು ಶುರು ಮಾಡಿದರು. ಮೂವತ್ತು ವರ್ಷದ ಅನುಭವ, ಅದ್ಭುತ ಕೈ, ಸೊಸೆಯಿಂದ ಆದ ತಪ್ಪನ್ನು ಒಂದು ಮಾತೂ ಆಡದೆ ಸರಿಪಡಿಸಿದ ಮಾವ. ಸೊಸೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಇನ್ನೂರು ಜನ ತಿರುಗಿ ಅವಳನ್ನು ನೋಡಿದರು. ಪರೀಕ್ಷೆಯಲ್ಲಿ ಫೇಲಾದ ಮಗುವನ್ನು ನೋಡುತ್ತಾರಲ್ಲ, ಹಾಗೆ. ಆ ಇನ್ನೂರರಲ್ಲಿ ಮುಂದೆ ಯಾರೂ ಅವಳ ಕೈಗೆ ಎಂಜಿನ್ ಕೊಡುವವರಲ್ಲ. ಅವಳು ನೆಲ ನೋಡಲಿಲ್ಲ, ನೇರವಾಗಿ ಎದುರಿಗೆ ನೋಡಿದಳು. ನನಗೆ ಅದನ್ನು ನೋಡಲಾಗಲಿಲ್ಲ.

ವೇದಿಕೆ ಹತ್ತಿದೆ. ಮೈಕು ಕಿತ್ತುಕೊಂಡೆ. “ಎಲ್ಲ ಸುಳ್ಳು! ಅವಳು ಸರಿಯಾಗೇ ಮಾಡಿದ್ದಳು. ಅವಳಿಲ್ಲದಾಗ ನಾನು ಹೋಗಿ ನಾಲ್ಕು ಟ್ಯಾಪೆಟ್ ಹಾಳು ಮಾಡಿದೆ. ಹಾಳು ಮಾಡಿದವನೂ ನಾನೇ, ಬಾಯಿ ಮುಚ್ಚಿಕೊಂಡಿದ್ದವನೂ ನಾನೇ!”

ಚಪ್ಪಾಳೆ ಬಿತ್ತು.

“ಚಪ್ಪಾಳೆ ಯಾಕ್ರಯ್ಯಾ ತಟ್ತೀರಿ? ನಾನು ದಡ್ಡ ಅಂತ ಹೇಳ್ತಿದ್ದೀನಿ!”

ಚಪ್ಪಾಳೆ ಜೋರಾಯಿತು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡರು. ಹಲ್ಲು ಡಾಕ್ಟರು ನನ್ನ ಹೆಗಲು ತಬ್ಬಿ ಮೈಕಿನಲ್ಲಿ, “ನೋಡಿ, ಸೊಸೆಯ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಂಡ್ರು. ಇಂಥ ಮಾವ ಎಲ್ಲಿ ಸಿಗ್ತಾರೆ!” ಅಂದರು. ನಾನು ಬಿಡಿಸಿಕೊಳ್ಳಲು ನೋಡಿದೆ. ಅದನ್ನು ಸಂಕೋಚ ಅಂದುಕೊಂಡರು. ಕ್ಯಾಮಿನ ಮೊಟ್ಟೆಯ ಹೆಗಲಿನ ವಿಷಯ, ಇನ್‌ಲೆಟ್ ಐದರ ವಿಷಯ ಎಲ್ಲ ವಿವರಿಸಿದೆ. ಶಾಮಿಯಾನದಲ್ಲಿ ಅರ್ಥವಾದವರು ಹತ್ತು ಜನ ಇರಬಹುದು, ಆ ಹತ್ತೂ ಜನ ಸೊಸೆಯನ್ನು ಉಳಿಸಲು ಎಷ್ಟು ಚೆನ್ನಾಗಿ ಕಟ್ಟಿ ಹೇಳುತ್ತಾನೆ ಮುದುಕ ಅಂತ ಮೆಚ್ಚಿಕೊಂಡರು.

ವಾಪಸ್ ಬರುವಾಗ ಗಾಡಿಯಲ್ಲಿ ಸೊಸೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಮಾವ, ನನಗೆ ಕರುಣೆ ಬೇಡ.”

“ಕರುಣೆ ಅಲ್ಲಮ್ಮ. ನಾನೇ ಮಾಡಿದ್ದು.”

“ಇನ್ನೂರು ಜನರ ಮುಂದೆ ನನಗೋಸ್ಕರ ಸುಳ್ಳು ಹೇಳಿದ್ರಿ. ತಪ್ಪು ಮಾಡಿದ್ದಕ್ಕಿಂತ ಅದೇ ನನಗೆ ಜಾಸ್ತಿ ಬೇಜಾರು.”

“ಸುಳ್ಳಲ್ಲ ತಾಯಿ. ನಾನು ನಿಜವಾಗ್ಲೂ ದಡ್ಡ.”

“ಅದೂ ನನಗೋಸ್ಕರಾನೇ ಹೇಳ್ತಿದ್ದೀರಿ.”

ಮಗ ಸ್ಟೀರಿಂಗ್ ಹಿಡಿದು ಮುಂದಿನ ರಸ್ತೆಯನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಮೂವತ್ತು ವರ್ಷ ‘ನಾನು ತಪ್ಪೇ ಮಾಡುವುದಿಲ್ಲ’ ಅಂತ ಊರಿಗೆಲ್ಲ ಹೇಳಿಕೊಂಡು ಬಂದದ್ದು ಅವತ್ತು ಫಲ ಕೊಟ್ಟಿತು. ಎಲ್ಲರೂ ನಂಬಿದ್ದರು.

ಮನೆಗೆ ಬಂದ ಮೇಲೆ ಬೆಂಚು ನಿನ್ನದೇ ಅಂದೆ. ಬೇಡ ಅಂದಳು. ದಾನಕ್ಕೆ ಬಂದ ಬೆಂಚಿನಲ್ಲಿ ಕೆಲಸ ಮಾಡುವುದಿಲ್ಲವಂತೆ. ತನ್ನ ಕೈಯನ್ನು ತಾನೇ ನಂಬದವಳು ಬೇರೆಯವರ ಎಂಜಿನ್ ಹೇಗೆ ಮುಟ್ಟುವುದು ಅಂದಳು. ಅಲ್ಲಿಗೆ ವಿಷಯ ಬಂದು ನಿಂತಿತು. ನಾನು ದಡ್ಡ ಅಂತ ಸಾಬೀತಾಗದೆ ಅವಳು ಮೆಕ್ಯಾನಿಕ್ ಆಗುವಂತಿರಲಿಲ್ಲ.

ರೇಸಿನಿಂದ ನಾವು ವಾಪಸ್ ತಂದಿದ್ದ ಕಾರು ಸೋಮವಾರ ಇನ್ನೂ ನಮ್ಮಲ್ಲೇ ಇತ್ತು. ಕವರು ಬಿಚ್ಚಿ ಅವಳನ್ನು ಕರೆದೆ. “ಬಾಮ್ಮ, ನಿನ್ನ ಲೆಕ್ಕದಲ್ಲಿ ಹದಿನಾರೂ ಅಳೆದು ನೋಡು. ಫೋನ್ ಬಂದ್ರೆ ನಾನು ಎತ್ತುತ್ತೀನಿ.” ಮನಸ್ಸಿಲ್ಲದೆ ಬಂದಳು. ಒಂದೊಂದೇ ಅಳೆದಳು. ಹದಿನಾರೂ ಚೀಟಿಯ ಹಾಗೇ ಇದ್ದವು. ನಾಲ್ಕು ಫೋನು ಬಂದವು, ನಾಲ್ಕನ್ನೂ ನಾನು ಎತ್ತಿದೆ, ನಾಲ್ವರಿಗೂ ಆಮೇಲೆ ಮಾಡಿ ಅಂತ ಬೈದೆ.

“ಈಗ ಬುಧವಾರ ನಾನು ಮಾಡಿದ್ದನ್ನ ನೋಡು,” ಅಂದೆ. ಒಂದನೇ ಸಿಲಿಂಡರ್ ಮೇಲೆ ತಂದೆ. “ಇನ್‌ಲೆಟ್ ಒಂದು ಎರಡು ಐದು ಏಳು, ಎಕ್ಸಾಸ್ಟ್ ಒಂದು ಮೂರು...” ಮೂರರ ಎಕ್ಸಾಸ್ಟಿಗೆ ಅವಳ ಕೈಯಲ್ಲೇ ಇಪ್ಪತ್ತೆರಡರ ಪಟ್ಟಿ ಕೊಟ್ಟೆ.

ತೂರಿಸಿದಳು. ಹೋಗಲಿಲ್ಲ. ಇನ್ನೊಮ್ಮೆ. ಹೋಗಲಿಲ್ಲ. ಹದಿನಾಲ್ಕರ ಪಟ್ಟಿ ಹೋಯಿತು.

“ಈಗ ತಾನೇ ಸರಿ ಇತ್ತಲ್ಲ ಮಾವ!”

“ಇತ್ತು. ನಾನು ಇದನ್ನ ಬಿಗಿ ಅಂದ್ಕೊಂಡೆ. ಸಡಿಲಿಸಿದೆ.”

ಅವಳು ಬಗ್ಗಿ, ಹದಿನಾಲ್ಕರ ಪಟ್ಟಿಯನ್ನು ಅಲ್ಲೇ ಬಿಟ್ಟು, ಹಿಡಿಯನ್ನು ಮೆಲ್ಲಗೆ ಎಳೆದಳು. ಪಟ್ಟಿ ಜಾರಿ ಬಿತ್ತು. ವಾಪಸ್ ಅದೇ ಜಾಗಕ್ಕೆ ತಂದು ಮತ್ತೆ ತೂರಿಸಿ, ಮತ್ತೆ ಎಳೆದಳು. ಮತ್ತೆ ಬಿತ್ತು. ಮೂರು ಸಲ ಮಾಡಿದಳು. ಆಮೇಲೆ ಐದರ ಇನ್‌ಲೆಟ್, ಎಂಟರ ಇನ್‌ಲೆಟ್, ಎರಡರ ಎಕ್ಸಾಸ್ಟ್. ನನ್ನ ಮಗ್ಗಿ ಹೇಳಿದ ಜಾಗದಲ್ಲಿ ನಾಲ್ಕೂ ಬಿಗಿ, ಬೆನ್ನು ತಂದರೆ ನಾಲ್ಕೂ ಸರಿ.

ಸೆಟೆದು ನಿಂತಳು. “ನೀವೇ ಮುಟ್ಟಿದ್ದು.”

“ಅಷ್ಟನ್ನೇ ತಾನೆ ಮೈಕಿನಲ್ಲಿ ಬಡ್ಕೊಂಡಿದ್ದು?”

“ನಾನು ಇಪ್ಪತ್ತೆಂಟು ಇದೆ ಅಂದಾಗ ಪಕ್ಕದಲ್ಲೇ ನಿಂತಿದ್ರಿ.”

“ನಿಂತಿದ್ದೆ.”

“ನಾನು ಏಪ್ರನ್ ಬಿಚ್ಚುವಾಗ?”

“ಆಗಲೂ.”

ನಂಬುವವರೆಗೆ ಅವಳಿಗೆ ನನ್ನ ಮೇಲೆ ಸಿಟ್ಟೇ ಬಂದಿರಲಿಲ್ಲ. ನಂಬಿದ ಮೇಲೆ ಬಂತು. ನಾಲ್ಕು ದಿನದ್ದು ಒಟ್ಟಿಗೆ ಬಂತು. ಅವಳು ಏನೇನು ಅಂದಳು ಅನ್ನುವುದೂ ನನಗೆ ಅಕ್ಷರಶಃ ನೆನಪಿದೆ, ಗ್ರೂಪಿನಲ್ಲಿ ಸಣ್ಣ ಮಕ್ಕಳಿದ್ದಾರೆ, ಬೇಡ. ಪಕ್ಕದ ಟೈಲರು ತನ್ನ ಮಷೀನು ನಿಲ್ಲಿಸಿ ಕೇಳಿದ. ಹೆಂಡತಿ ಮೆಟ್ಟಿಲಿಳಿದು ಬಂದವಳು, ವಿಷಯ ಪೂರ್ತಿ ಕೇಳಿ, “ಇನ್ನೂ ಎರಡು ಮಾತು ಸೇರಿಸ್ಕೊಳಮ್ಮ, ನನ್ನ ಕಡೆಯಿಂದ,” ಅಂತ ಹೇಳಿ ಮೇಲೆ ಹೋದಳು.

ಸೊಸೆ ಏಪ್ರನ್ ಕಟ್ಟಿಕೊಂಡು ಬೆಂಚಿಗೆ ಹೋದಳು. ಕೇಳಲಿಲ್ಲ, ಹೋದಳು. ಎಂಟು ದಿನ ನನ್ನ ಜೊತೆ ಸ್ಪ್ಯಾನರ್ ನಂಬರು ಬಿಟ್ಟು ಬೇರೆ ಮಾತಾಡಲಿಲ್ಲ. ‘ಹದಿಮೂರು.’ ‘ಹದಿನೇಳು.’ ಒಂಬತ್ತನೆಯ ದಿನ ಒಂದು ಹಳೇ ಕಾರು ಬಂತು, ಕಂಪನಿಯ ಕ್ಯಾಮಿನದ್ದು. ಅವಳು ತಿರುಗಿ ನೋಡಿ, “ಮಾವ, ಇದಕ್ಕೆ ನಿಮ್ಮ ಮಗ್ಗಿ ಸಾಕು. ಮಾಡಿಬಿಡಿ,” ಅಂದಳು. ಇಪ್ಪತ್ತು ನಿಮಿಷದಲ್ಲಿ ಮಾಡಿಕೊಟ್ಟೆ. ಅವಳು ಕಟ್ಟಿ ಮುಚ್ಚಿದ ಎಂಜಿನ್ನನ್ನು ಅವತ್ತಿನಿಂದ ಈ ಮನೆಯಲ್ಲಿ ಯಾರೂ ಅವಳನ್ನು ಕೇಳದೆ ತೆರೆದಿಲ್ಲ. ಕೌಂಟರಿನ ಫೋನು ಯಾರ ಕೈ ಸ್ವಚ್ಛ ಇದೆಯೋ ಅವರು ಎತ್ತಬೇಕು ಅಂತ ಆಗಿದೆ, ಅಂದರೆ ಯಾರೂ ಎತ್ತುವುದಿಲ್ಲ.

ಇಷ್ಟೇ ನಡೆದದ್ದು. ಉಳಿದಿರುವುದು ಆ ಶಾಮಿಯಾನದ ಇನ್ನೂರು ಜನ. ಅವರು ಸೋಮವಾರ ಬರಲಿಲ್ಲ, ಪಟ್ಟಿ ಬಿದ್ದದ್ದು ನೋಡಲಿಲ್ಲ. ಇವತ್ತಿಗೂ ಎಂಜಿನ್ ತಂದು, ಅವಳು ಕಟ್ಟಿದ ಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದು, “ಯಜಮಾನ್ರೇ, ನೀವೂ ಒಂದ್ಸಲ ನೋಡಿಬಿಡಿ,” ಅನ್ನುತ್ತಾರೆ. ಅವಳಿಗೆ ಕೇಳಿಸುತ್ತದೆ. ಹಲ್ಲು ಡಾಕ್ಟರಿಗೆ ನಾನು ಹತ್ತು ಸಲ ಬಿಡಿಸಿ ಹೇಳಿದ್ದೇನೆ, ಪ್ರತಿ ಸಲವೂ ಕೈ ಮುಗಿದ ಚಿತ್ರ ಕಳಿಸಿ ‘ನಿಮ್ಮ ದೊಡ್ಡತನ’ ಅಂತ ಬರೆಯುತ್ತಾರೆ. ಆದ್ದರಿಂದ ನೀವೊಂದು ಕೆಲಸ ಮಾಡಿ. ಈ ವಾಯ್ಸ್ ನೋಟ್‌ಗಳನ್ನು ನಿಮ್ಮ ನಿಮ್ಮ ಗ್ರೂಪುಗಳಿಗೆ ಕಳಿಸಿ, ಕಾರಿನವರಿಗೆ, ರೇಸಿನವರಿಗೆ, ಹಲ್ಲು ಡಾಕ್ಟರಿಗೆ ಮೊದಲು. ನಾನು ಹೇಳಿದರೆ ನಂಬುವುದಿಲ್ಲ, ನೀವು ಕಳಿಸಿದರೆ ನಂಬಬಹುದು. ಜೊತೆಗೆ ಒಂದು ಸಾಲು ಬರೆಯಿರಿ. ಮುದುಕನ ತಲೆ ಸರಿಯಾಗಿದೆ, ಮಂಗಳವಾರ ಅವಳು ಇಟ್ಟ ಅಳತೆಯೂ ಸರಿಯಾಗಿತ್ತು ಅಂತ.